ಹನ್ನೊಂದು ಗಂಟೆಯ ಆಟ

ಅಮ್ಮಿ ತೀರಿಕೊಂಡ ಮೇಲೆ ಅವರ ಟ್ರಂಕನ್ನು ನಾವು ಬಹಳ ವರ್ಷ ತೆರೆದಿರಲಿಲ್ಲ. 2025ರಲ್ಲಿ ಮನೆಯ ಖಾತೆಗೆ ಸಂಬಂಧಿಸಿದ ಹಳೆಯ ಕಾಗದವೊಂದು ಬೇಕಾಗಿ ತೆರೆದಾಗ, ನಿಕಾಹ್‌ನಾಮೆ, ಹಳೆಯ ರೇಷನ್ ಕಾರ್ಡು, ಹಜ್‌ಗೆ ಹೋಗಿ ಬಂದವರು ಕೊಟ್ಟ ತಸ್ಬೀಹ್ ಇವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಹಳದಿ ಕರಪತ್ರವೊಂದು ಸಿಕ್ಕಿತು. 2012ರ ಡಿಸೆಂಬರ್ 22 ಮತ್ತು 23ರಂದು ನಮ್ಮ ಊರಿನ ಶಾದಿ ಮಹಲ್‌ನಲ್ಲಿ ನಾವು ಐದು ಜನ ಗೆಳೆಯರು ಸೇರಿ ನಡೆಸಿದ ಚಿತ್ರೋತ್ಸವದ ಕರಪತ್ರ ಅದು. ಅಮ್ಮಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಉರ್ದುವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಆದರೂ ಆ ಕನ್ನಡ ಕರಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದರಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ಲಿನ ಗೆರೆ ಇತ್ತು.

ಆ ಗೆರೆಯನ್ನು ನೋಡಿದ ಮೇಲೆ, ಇಷ್ಟು ವರ್ಷ ನಾವು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದ ಆ ಚಿತ್ರೋತ್ಸವದ ಕತೆಯನ್ನು ಇನ್ನೊಮ್ಮೆ, ಸ್ವಲ್ಪ ಬೇರೆ ರೀತಿಯಲ್ಲಿ ಹೇಳಬೇಕು ಅನ್ನಿಸಿತು.

ಕರಪತ್ರದಲ್ಲಿ ಆರು ಚಿತ್ರಗಳಿದ್ದವು. ಶನಿವಾರ ಬೆಳಿಗ್ಗೆ 11ಕ್ಕೆ ಇಟಲಿಯ ‘ಬೈಸಿಕಲ್ ಥೀವ್ಸ್’. ಮಧ್ಯಾಹ್ನ 3ಕ್ಕೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’. ರಾತ್ರಿ 7.30ಕ್ಕೆ ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’. ಭಾನುವಾರ ಬೆಳಿಗ್ಗೆ 11ಕ್ಕೆ ಇರಾನಿನ ‘ಚಿಲ್ಡ್ರನ್ ಆಫ್ ಹೆವನ್’, ಇದರ ಎದುರು ಆವರಣದಲ್ಲಿ ‘ಮಹಿಳೆಯರು ಮತ್ತು ಮಕ್ಕಳಿಗೆ ಮಾತ್ರ’ ಎಂದಿತ್ತು. ಮಧ್ಯಾಹ್ನ 3ಕ್ಕೆ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಎಂಬ ಸಾಕ್ಷ್ಯಚಿತ್ರ. ಕೊನೆಯದಾಗಿ ರಾತ್ರಿ 7.30ಕ್ಕೆ ಕಾಸರವಳ್ಳಿಯವರದೇ ‘ಹಸೀನಾ’. ಕೆಳಗೆ ‘ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ’ ಎಂಬ ಒಕ್ಕಣೆ.

ಇಂಥದೊಂದನ್ನು ಮಾಡಬಹುದು ಎಂಬ ಧೈರ್ಯ ನಮಗೆ ಬಂದದ್ದು ಹೆಗ್ಗೋಡಿನಿಂದ. ನಮ್ಮ ಊರಿನಿಂದ ಹೆಗ್ಗೋಡು ಬಸ್ಸಿನಲ್ಲಿ ಹೆಚ್ಚು ದೂರವೇನಲ್ಲ. 2003ರಲ್ಲಿ ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಹೋಗಿದ್ದೆವು. ಕೆ.ವಿ. ಸುಬ್ಬಣ್ಣನವರು ಆಗ ಇನ್ನೂ ಇದ್ದರು. ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ನಾಟಕಕ್ಕೆ ಹೆಸರುವಾಸಿ ಎಂಬುದು ಎಲ್ಲರಿಗೂ ಗೊತ್ತು. 1973ರಲ್ಲೇ ಅದಕ್ಕೊಂದು ಚಿತ್ರಸಮಾಜವೂ ಇತ್ತೆಂಬುದು, ಜಗತ್ತಿನ ದೊಡ್ಡ ದೊಡ್ಡ ನಿರ್ದೇಶಕರ ಚಿತ್ರಗಳನ್ನು ಅಲ್ಲಿನ ರೈತರು, ಹೆಂಗಸರು ಕೂತು ನೋಡಿ ಚರ್ಚೆ ಮಾಡಿದ್ದರೆಂಬುದು ನಮಗೆ ಅಲ್ಲಿ ಹೋದ ಮೇಲೆ ತಿಳಿಯಿತು. ಉರ್ದು ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿ, ಆಮೇಲೆ ಕನ್ನಡ ಹೈಸ್ಕೂಲಿಗೆ ಬಂದು, ಎರಡು ಕಡೆಯೂ ಸ್ವಲ್ಪ ಹಿಂದೆಯೇ ಕೂತು ಬೆಳೆದ ನಮಗೆ ಇದು ದೊಡ್ಡ ಸಂಗತಿಯಾಗಿ ಕಂಡಿತು. ನಮ್ಮಂಥ ಊರಿನವರಿಗೆ ಇಂಥದ್ದು ಅರ್ಥವಾಗುವುದಿಲ್ಲ ಎಂಬ ಮಾತನ್ನು ಆಮೇಲೆ ಯಾರೇ ಹೇಳಿದರೂ ನಾವು ಒಪ್ಪುತ್ತಿರಲಿಲ್ಲ.

ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ 2006ರಿಂದ ಕೆಲವರು ‘ಪ್ರತಿರೋಧ್ ಕಾ ಸಿನೆಮಾ’ ಎಂಬ ಹೆಸರಿನಲ್ಲಿ ಚಿತ್ರೋತ್ಸವ ನಡೆಸುತ್ತಿದ್ದ ಸುದ್ದಿಯೂ ನಮಗೆ ಬಂದಿತ್ತು. ಕಂಪೆನಿಗಳ ಪ್ರಾಯೋಜಕತ್ವ ಬೇಡ, ನೋಡಲು ಬಂದ ಜನರೇ ಕೈಲಾದಷ್ಟು ಕೊಡಲಿ ಎಂಬುದು ಅವರ ನಿಯಮ. ನಾವೂ ಹಾಗೆಯೇ ಮಾಡಿದೆವು. ಶಾದಿ ಮಹಲ್‌ನ ಬಾಗಿಲಲ್ಲಿ ಬಿಸ್ಕತ್ತಿನ ಒಂದು ಖಾಲಿ ಡಬ್ಬಿ ಇಟ್ಟೆವು. ಪ್ರೊಜೆಕ್ಟರನ್ನು ನಮ್ಮ ಗೆಳೆಯರಾದ ಫೋಟೋ ಸ್ಟುಡಿಯೋ ಭಾಯಿ ಶಿವಮೊಗ್ಗದಿಂದ ಬಾಡಿಗೆಗೆ ತಂದರು. ಪರದೆಗೆ ಜವಳಿ ಅಂಗಡಿಯವರು ಬಿಳಿ ಬಟ್ಟೆ ಕೊಟ್ಟರು. ಕನ್ನಡ ಮೇಷ್ಟ್ರು ಪೊಲೀಸ್ ಠಾಣೆಗೆ ಅರ್ಜಿ ಬರೆದರು. ಚಿತ್ರಗಳ ಡಿವಿಡಿಗಳನ್ನು ಹೊಂದಿಸಿ, ತೋರಿಸಲು ಅನುಮತಿ ಕೇಳಿ ಪತ್ರ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಚಿತ್ರಗಳ ಪಟ್ಟಿ. ಇಶಾ ನಮಾಜಿನ ನಂತರ ಸ್ಟುಡಿಯೋದ ಶಟರನ್ನು ಅರ್ಧ ಎಳೆದುಕೊಂಡು ಒಂದು ತಿಂಗಳು ಜಗಳವಾಡಿದೆವು.

‘ಗರ್ಮ್ ಹವಾ’ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಸತ್ಯು ಮೈಸೂರಿನವರು. ಇಸ್ಮತ್ ಚುಗತಾಯಿಯವರ ಕತೆಯನ್ನಿಟ್ಟುಕೊಂಡು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಬರೆದ ಚಿತ್ರ. ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋಗದೆ ಆಗ್ರಾದಲ್ಲೇ ಉಳಿದ ಬೂಟು ತಯಾರಕ ಸಲೀಂ ಮಿರ್ಜಾನ ಕತೆ. ಕೋಮುಗಲಭೆಯಾದೀತು ಎಂಬ ಭಯದಿಂದ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ ಈ ಚಿತ್ರ ಕೊನೆಗೆ 1974ರಲ್ಲಿ ಬಿಡುಗಡೆಯಾಯಿತು. ಸಲೀಂ ಮಿರ್ಜಾ ಆಗಿ ನಟಿಸಿದ ಬಲರಾಜ್ ಸಾಹನಿ ಅದನ್ನು ತೆರೆಯ ಮೇಲೆ ನೋಡಲು ಉಳಿದಿರಲಿಲ್ಲ. ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್‌ನಲ್ಲಿ, ತೀರಿಕೊಂಡಿದ್ದರು.

‘ಗುಲಾಬಿ ಟಾಕೀಸ್’ 2008ರ ಚಿತ್ರ. ವೈದೇಹಿಯವರ ಕತೆಯಲ್ಲಿ ನಾಯಕಿ ಮುಸ್ಲಿಮಳಲ್ಲ. ಕಾಸರವಳ್ಳಿಯವರು ಚಿತ್ರ ಮಾಡುವಾಗ ಆಕೆಯನ್ನು ಗಂಡ ಬಿಟ್ಟುಹೋದ ಒಬ್ಬ ಮುಸ್ಲಿಂ ಸೂಲಗಿತ್ತಿಯನ್ನಾಗಿಸಿದರು. ಹೆರಿಗೆ ಮಾಡಿಸಿದ್ದಕ್ಕೆ ಇನಾಮಾಗಿ ಬಂದ ಬಣ್ಣದ ಟಿ.ವಿ. ಅವಳ ಮನೆಯಲ್ಲಿರುತ್ತದೆ. ಓಣಿಯ ಹೆಂಗಸರು ಬಂದು ಅಲ್ಲಿ ಕೂಡುತ್ತಾರೆ. ಕಾರ್ಗಿಲ್ ಯುದ್ಧದ ಕಾಲಕ್ಕೆ ಊರಿನ ಗಾಳಿ ಬದಲಾಗಿ ಕೊನೆಗೆ ಆಕೆಯೇ ಊರು ಬಿಡಬೇಕಾಗುತ್ತದೆ. ಉಮಾಶ್ರೀಯವರ ಆ ಗುಲಾಬಿಯನ್ನು ನೋಡಿದಾಗ ನಮಗೆ ನಮ್ಮ ಬೀದಿಯ ಯಾವುದೋ ಖಾಲಾ ಎದುರು ಬಂದು ನಿಂತ ಹಾಗಾಗಿತ್ತು.

ಪಟ್ಟಿ ಒಂದು ಹಂತಕ್ಕೆ ಬಂದಾಗ ಮೇಷ್ಟ್ರು ನಕ್ಕರು. “ಒಂದರಲ್ಲಿ ಸೈಕಲ್ ಕಳೆದುಹೋಗುತ್ತದೆ, ಒಂದರಲ್ಲಿ ತಂಗಿಯ ಬೂಟು ಕಳೆದುಹೋಗುತ್ತದೆ, ಇನ್ನೊಂದರಲ್ಲಿ ಬೂಟಿನ ಕಾರ್ಖಾನೆಯೇ ಹೋಗುತ್ತದೆ. ನೀವು ಕಳಕೊಂಡವರನ್ನೇ ಹುಡುಕಿ ತಂದಿದ್ದೀರಿ ಮಾರಾಯ್ರೇ” ಎಂದರು. ನಗು ತರಿಸಲೆಂದೇ ಮಾಲೆಗಾಂವ್ ಸೇರಿತು. ಮಗ್ಗದ ಸದ್ದಿನ ಆ ಊರಿನಲ್ಲಿ ಕೂಲಿಕಾರ ಹುಡುಗರು ಸಣ್ಣ ವಿಡಿಯೋ ಕ್ಯಾಮೆರಾದಲ್ಲಿ ತಮ್ಮದೇ ‘ಸೂಪರ್‌ಮ್ಯಾನ್’ ತಯಾರಿಸುವುದನ್ನು ಫೈಜಾ ಅಹ್ಮದ್ ಖಾನ್ ಎಂಬ ನಿರ್ದೇಶಕಿ ಸಾಕ್ಷ್ಯಚಿತ್ರ ಮಾಡಿದ್ದರು. ಬಡ ಮುಸಲ್ಮಾನರನ್ನು ಅಯ್ಯೋ ಪಾಪ ಅನ್ನಿಸದೆ ತೋರಿಸಿದ ಚಿತ್ರ ಎಂದು ಅದನ್ನು ನಾವು ಬಹಳ ಮೆಚ್ಚಿದ್ದೆವು.

ಉಳಿದದ್ದು ‘ಹಸೀನಾ’. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯನ್ನು ಆಧರಿಸಿ 2004ರಲ್ಲಿ ಬಂದ ಚಿತ್ರ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಬಿಟ್ಟುಹೋದ ಮೇಲೆ, ಕಣ್ಣಿನ ತೊಂದರೆಯಿರುವ ಮಗಳನ್ನು ಕಟ್ಟಿಕೊಂಡು ಒಬ್ಬ ಹೆಂಗಸು ಮಸೀದಿಯ ಜಮಾತಿನ ಎದುರು ನ್ಯಾಯ ಕೇಳಿ ಕೂರುವ ಕತೆ. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಇದನ್ನು ನಾವು ಮೊದಲ ಪಟ್ಟಿಯಲ್ಲಿ ಭಾನುವಾರ ರಾತ್ರಿ 7.30ಕ್ಕೆ ಹಾಕಿದ್ದೆವು. ಅದು ಮುಖ್ಯ ಚಿತ್ರ, ಜನ ಹೆಚ್ಚು ಸೇರುವ ಹೊತ್ತಿಗೆ ಇರಲಿ ಎಂಬುದು ನಮ್ಮ ಲೆಕ್ಕ.

ಆ ಪಟ್ಟಿಯನ್ನು ಉರ್ದು ಶಾಲೆಯ ಟೀಚರ್ ಆಪಾಗೆ ತೋರಿಸಲು ಹೋದೆವು. ಅವರು ನಮಗೆ ನಾಲ್ಕನೇ ತರಗತಿಯಲ್ಲಿ ಲೆಕ್ಕ ಕಲಿಸಿದವರು. ಕನ್ನಡಕ ಏರಿಸಿ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ರಾತ್ರಿ ಏಳೂವರೆಗೆ ಹಸೀನಾ ಇಟ್ಟಿದ್ದೀರಲ್ಲ ಬೇಟಾ, ಆ ಹೊತ್ತಿಗೆ ಮೊಹಲ್ಲಾದ ಯಾವ ಹೆಂಗಸು ಮನೆಯಿಂದ ಹೊರಗೆ ಬರುತ್ತಾಳೆ? ಅವಳ ಕತೆ ನೀವು ಗಂಡಸರು ನೋಡಿ, ನೀವೇ ಅತ್ತು, ನೀವೇ ಭಾಷಣ ಮಾಡಿ ಮನೆಗೆ ಬರುತ್ತೀರಿ. ಆಗ ನಿಮಗೆ ರೊಟ್ಟಿ ಬಿಸಿಯಾಗಿರಬೇಕು.”

ನಾವು ತಲೆ ತಗ್ಗಿಸಿದೆವು. ಒಂದು ತಿಂಗಳಿನಿಂದ ಐದು ಜನ ಕೂತು ಯಾವ ಚಿತ್ರ, ಯಾವ ದೇಶ, ಯಾವ ನಿರ್ದೇಶಕ ಎಂದು ಗುದ್ದಾಡಿದ್ದೆವು. ಎಷ್ಟು ಗಂಟೆಗೆ ಎಂಬುದನ್ನು ಯಾರೂ ಒಂದು ನಿಮಿಷವೂ ಯೋಚಿಸಿರಲಿಲ್ಲ. ನಾವು ಐವರೂ ಗಂಡಸರು ಎಂಬುದೂ ಆಗಲೇ ಹೊಳೆದದ್ದು.

ನಮ್ಮ ಊರಿನಲ್ಲಿ ಮೊದಲು ಒಂದು ಟಾಕೀಸು ಇತ್ತು. ಅದರಲ್ಲಿ ಹೆಂಗಸರಿಗೆ ಬೇರೆ ಬಾಗಿಲು, ಬೇರೆ ಬೆಂಚು, ನಡುವೆ ಮರದ ತಡಿಕೆ. ಬುರ್ಖಾ ಹಾಕಿದ ಹೆಂಗಸರು ಓಣಿಯ ಕಡೆಯ ಬಾಗಿಲಿನಿಂದ ಒಳಗೆ ಹೋಗಿ, ದೀಪ ಆರಿದ ಮೇಲೆ ನಕಾಬು ಎತ್ತಿ ಚಿತ್ರ ನೋಡಿ, ದೀಪ ಹತ್ತುವ ಮೊದಲೇ ಎದ್ದು ಬರುತ್ತಿದ್ದರಂತೆ. ಅಮ್ಮಿ ಅಲ್ಲಿ ಕೊನೆಯದಾಗಿ ನೋಡಿದ್ದು ‘ಪಾಕೀಜಾ’. ಮರುವರ್ಷ ಅವರ ಮದುವೆಯಾಯಿತು. ಅಬ್ಬಾ ಸಿನೆಮಾಕ್ಕೆ ಹೋಗುವವರಲ್ಲ, ಹೋಗಗೊಡುವವರೂ ಅಲ್ಲ. ಟಾಕೀಸು ಮುಚ್ಚಿ ಅಲ್ಲಿ ಗೊಬ್ಬರದ ಗೋದಾಮು ಬಂತು. ಹಾಗಾಗಿ ಹಳೆಯ ತಡಿಕೆಯ ಆ ಬೆಂಚೂ ನಮ್ಮ ಹೆಂಗಸರಿಗೆ ಇಲ್ಲವಾಯಿತು.

ಆಪಾ ಹೇಳಿದ ಹಾಗೆ ಪಟ್ಟಿ ತಿದ್ದಿದೆವು. ಭಾನುವಾರ ಬೆಳಿಗ್ಗೆ 11ರ ಆಟ ಹೆಂಗಸರಿಗೆ, ಮಕ್ಕಳಿಗೆ ಮಾತ್ರ, ಚಿತ್ರ ‘ಹಸೀನಾ’. ‘ಚಿಲ್ಡ್ರನ್ ಆಫ್ ಹೆವನ್’ ರಾತ್ರಿಗೆ ಹೋಯಿತು. ಗಂಡಸರ ನೆರಳು ಸುಳಿಯಬಾರದೆಂದು ಪ್ರೊಜೆಕ್ಟರ್ ನಡೆಸುವುದನ್ನು ಸ್ಟುಡಿಯೋ ಭಾಯಿಯ ಮಗಳು ಕಲಿತಳು. ಆಗ ಆಕೆ ಪಿಯುಸಿ ಓದುತ್ತಿದ್ದಳು. ಎರಡೇ ದಿನದಲ್ಲಿ ತಂತಿ ಜೋಡಿಸುವುದು, ಡಿಸ್ಕ್ ಹಾಕುವುದು ಎಲ್ಲ ಕಲಿತು, ಅಪ್ಪನಿಗೇ ತಪ್ಪು ತೋರಿಸತೊಡಗಿದಳು.

ಕರಪತ್ರ ಅಚ್ಚಿಗೆ ಹೋಗುವ ಹಿಂದಿನ ಸಂಜೆ ಮೊಹಲ್ಲಾದ ಹಿರಿಯರೊಬ್ಬರು ಸ್ಟುಡಿಯೋಗೆ ಬಂದರು. ಜಮಾತಿನಲ್ಲಿ ಅವರ ಮಾತು ನಡೆಯುತ್ತಿತ್ತು. ಶಾದಿ ಮಹಲ್‌ನ ಬೀಗದ ಕೈ ಯಾರ ಕೈಗೆ ಸಿಗಬೇಕೆಂಬುದೂ ಅವರ ಮಾತಿನಲ್ಲೇ ಇತ್ತು. ಬೈಯಲಿಲ್ಲ, ಬೆದರಿಸಲಿಲ್ಲ. ಚಹಾ ಕುಡಿದರು. ನಮ್ಮ ಕತೆಗಳು ಪತ್ರಿಕೆಗಳಲ್ಲಿ ಬರುತ್ತಿರುವುದು ತಮಗೆ ಹೆಮ್ಮೆ ಎಂದರು. ಆಮೇಲೆ, “ಬೇಟಾ, ಮನೆಯ ಮಾತು ಮನೆಯಲ್ಲಿರಬೇಕು. ಈಗಾಗಲೇ ಪೇಪರಿನಲ್ಲಿ, ಟಿ.ವಿ.ಯಲ್ಲಿ ನಮ್ಮ ಬಗ್ಗೆ ಏನೇನು ಬರುತ್ತಿದೆ ನೋಡುತ್ತಿದ್ದೀರಿ. ಅದರ ಮೇಲೆ ನಾವೇ ನಮ್ಮ ಮಸೀದಿಯ ಜಗಳವನ್ನು ಪರದೆ ಕಟ್ಟಿ ತೋರಿಸಬೇಕೆ?” ಎಂದರು.

ಅವರ ಆತಂಕ ಸುಳ್ಳೆಂದು ಇವತ್ತೂ ನಾವು ಹೇಳಲಾರೆವು. ಹೊರಗೆ ನಮ್ಮನ್ನು ಆಡಿಕೊಳ್ಳಲು ಕಾದವರು ಇದ್ದೇ ಇರುವಾಗ ಒಳಗಿನ ತಪ್ಪನ್ನು ಎತ್ತಿ ಆಡುವುದು ಹೇಗೆ ಎಂಬುದು ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬ ಮುಸ್ಲಿಂ ಲೇಖಕ, ಲೇಖಕಿ ದಿನವೂ ಎದುರಿಸುವ ಪ್ರಶ್ನೆ. ಆದರೆ ಅವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಆಡಿದ ಕೊನೆಯ ಮಾತನ್ನು ಆಗ ನಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. “ತೋರಿಸಲೇಬೇಕೆಂದರೆ ರಾತ್ರಿ ತೋರಿಸಿಕೊಳ್ಳಿ. ಬೆಳಗಿನ ಆಟಕ್ಕೆ ಮಾತ್ರ ಬೇಡ” ಎಂದಿದ್ದರು.

ರಾತ್ರಿಯ ಆಟಕ್ಕೆ ಊರಿನ ಎಲ್ಲ ಜಾತಿಯ ಗಂಡಸರೂ ಬರುವವರಿದ್ದರು. ಬೆಳಗಿನ ಆಟಕ್ಕೆ ಬರುವವರು ಬಹುಪಾಲು ನಮ್ಮ ಮನೆಯ ಹೆಂಗಸರೇ. ಹೊರಗಿನವರ ಮುಂದೆ ಮರ್ಯಾದೆ ಹೋಗುತ್ತದೆ ಎಂಬುದೇ ಭಯವಾಗಿದ್ದರೆ ಅವರು ತಡೆಯಬೇಕಾದದ್ದು ರಾತ್ರಿಯ ಆಟವನ್ನು. ಈ ಸರಳ ಲೆಕ್ಕ ನಮಗೆ ತಿಳಿಯಬೇಕಿತ್ತು. ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದೆವೋ. ಒಂದು ಲೋಟ ಚಹಾ ಆರುವಷ್ಟರಲ್ಲಿ ಎರಡು ಚಿತ್ರಗಳ ಜಾಗ ಮತ್ತೆ ಅದಲುಬದಲಾಗಿ, ‘ಹಸೀನಾ’ ರಾತ್ರಿ 7.30ಕ್ಕೆ ವಾಪಸಾಯಿತು. ಹಾಲ್ ಕೈತಪ್ಪಿದರೆ ಎಲ್ಲವೂ ಹೋಗುತ್ತದಲ್ಲ ಎಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡೆವು. ಆಪಾಗೆ ಹೇಳಲು ನಮ್ಮಲ್ಲಿ ಯಾರೂ ಹೋಗಲಿಲ್ಲ.

ಶನಿವಾರ ಚೆನ್ನಾಗಿಯೇ ನಡೆಯಿತು. ‘ಬೈಸಿಕಲ್ ಥೀವ್ಸ್’ಗೆ ಮೇಷ್ಟ್ರು ಮೈಕ್ ಹಿಡಿದು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳಿದರು. ಸೈಕಲ್ ರಿಪೇರಿ ಅಂಗಡಿಯ ಚಾಚಾ ಮುಂದಿನ ಸಾಲಿನಲ್ಲಿ ಕೂತು, ಕಳ್ಳ ಓಡಿದಾಗ “ಹಿಡೀರಿ, ಹಿಡೀರಿ” ಎಂದು ಕೂಗಿದರು. ರಾತ್ರಿ ‘ಗರ್ಮ್ ಹವಾ’ ಮುಗಿದಾಗ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಒಬ್ಬ ವಯಸ್ಸಾದವರು ಮೈಕ್ ಕೇಳಿ ಪಡೆದು, ತಮ್ಮ ಅಣ್ಣ ಕರಾಚಿಗೆ ಹೋದದ್ದನ್ನು, 1965ರ ಯುದ್ಧದವರೆಗೆ ಕಾಗದ ಬರುತ್ತಿದ್ದುದನ್ನು, ಆಮೇಲೆ ನಿಂತದ್ದನ್ನು ಹೇಳಿದರು. ಐವತ್ತು ವರ್ಷ ಅವರ ಎದುರಿಗೇ ಅಡಿಕೆ ಮಂಡಿ ಇಟ್ಟುಕೊಂಡಿದ್ದ ಶೆಟ್ಟರು, “ಇಷ್ಟು ದಿನ ನೀವು ಒಮ್ಮೆಯೂ ಹೇಳಲಿಲ್ಲವಲ್ಲ ಸಾಹೇಬರೇ” ಎಂದರು. “ನೀವು ಕೇಳಲಿಲ್ಲ, ನಾನು ಹೇಳಲಿಲ್ಲ” ಎಂದು ಅವರು ನಕ್ಕರು. ಆ ರಾತ್ರಿ ಮನೆಗೆ ಹೋಗುವಾಗ ನಾವು ಏನೋ ಸಾಧಿಸಿದೆವು ಎಂದುಕೊಂಡದ್ದು ನಿಜ.

ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದಲೇ ಬುರ್ಖಾಗಳು, ಸೀರೆಗಳು, ಮಕ್ಕಳ ಟೊಪ್ಪಿಗಳು ಶಾದಿ ಮಹಲ್‌ನ ಹಿಂಬಾಗಿಲಿಗೆ ಬರತೊಡಗಿದವು. ನೂರೈವತ್ತು ಕುರ್ಚಿ ಹಾಕಿಸಿದ್ದೆವು, ಸಾಲದೆ ಜಮಖಾನ ಹಾಸಬೇಕಾಯಿತು. ಅಮ್ಮಿ ಪಕ್ಕದ ಮನೆಯ ಖಾಲಾ ಜತೆ ಬಂದರು. ಕೈಯಲ್ಲಿ ಎಲೆ ಅಡಿಕೆಯ ಚೀಲ. ಬಾಗಿಲಲ್ಲಿ ನಿಂತಿದ್ದ ನಮ್ಮನ್ನು ಗುರುತಿಲ್ಲದವರಂತೆ ನೋಡಿ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಒಳಗೆ ಏನಾಯಿತು ಎಂಬುದು ನಮಗೆ ಕಂಡದ್ದಲ್ಲ, ಕೇಳಿದ್ದು. ಸ್ಟುಡಿಯೋ ಭಾಯಿಯ ಮಗಳು ಇರಾನಿನ ಚಿತ್ರದ ಮಾತುಗಳನ್ನು ನಮ್ಮ ದಖನಿಯಲ್ಲಿ ಹೇಳುತ್ತಿದ್ದ ದನಿ ಹೊರಗೆ ಕೇಳುತ್ತಿತ್ತು. ತಂಗಿಯ ಬೂಟು ಕಳೆದುಕೊಂಡ ಅಣ್ಣ, ಇಬ್ಬರೂ ಒಂದೇ ಜೊತೆ ಬೂಟನ್ನು ಸರದಿಯ ಮೇಲೆ ಹಾಕಿಕೊಂಡು ಶಾಲೆಗೆ ಓಡುವುದು. ಮಜೀದ್ ಮಜೀದಿಯವರ 1997ರ ಈ ಚಿತ್ರವನ್ನು ಆಗಲೇ ಹಲವು ಸಲ ನೋಡಿದ್ದ ನಮಗೆ ಅದರಲ್ಲಿ ಬಹಳ ಪ್ರಿಯವಾದದ್ದು ಒಂದು ಸಣ್ಣ ಸಂಗತಿ. ಫಾರಸಿಯಲ್ಲಿ ಮನೆಪಾಠಕ್ಕೆ ‘ಮಶ್ಕ್’ ಎನ್ನುತ್ತಾರೆ. ನಮ್ಮ ಉರ್ದು ಪುಸ್ತಕಗಳಲ್ಲಿ ಪ್ರತಿ ಪಾಠದ ಕೊನೆಗೆ ಬರುತ್ತಿದ್ದ ಅಭ್ಯಾಸಕ್ಕೂ ಅದೇ ಹೆಸರು. ತೆಹರಾನಿನ ಆ ಮಕ್ಕಳೂ ನಾವೂ ಒಂದೇ ಶಾಲೆಯಲ್ಲಿ ಓದಿದವರು ಅನ್ನಿಸುತ್ತಿತ್ತು. ಒಳಗೆ ಮಕ್ಕಳು ಓಟದ ಪಂದ್ಯದಲ್ಲಿ ಕಿರುಚಿದ್ದು ಬೀದಿಗೆ ಕೇಳಿಸಿತು. ಹನ್ನೆರಡೂವರೆಗೆ ಚಿತ್ರ ಮುಗಿದದ್ದೂ ಚಪ್ಪಾಳೆಯಿಂದ ತಿಳಿಯಿತು.

ಬಾಗಿಲು ತೆರೆಯಲಿಲ್ಲ.

ಐದು ನಿಮಿಷ, ಹತ್ತು ನಿಮಿಷ ಕಾದೆವು. ಒಳಗೆ ಮತ್ತೆ ಸದ್ದು ಶುರುವಾಯಿತು. ಈ ಸಲ ಕನ್ನಡ ಮಾತು. ಕಿವಿಗೊಟ್ಟು ಕೇಳಿದ ಸ್ಟುಡಿಯೋ ಭಾಯಿಯ ಮುಖ ಬಿಳಿಚಿಕೊಂಡಿತು. ಡಿಸ್ಕುಗಳ ಪೆಟ್ಟಿಗೆ ಅವರ ಮಗಳ ಹತ್ತಿರವೇ ಇತ್ತು. ಮೊದಲ ಚಿತ್ರ ಮುಗಿದ ಮೇಲೆ ಟೀಚರ್ ಆಪಾ ಎದ್ದುನಿಂತು, “ಇನ್ನೊಂದು ಚಿತ್ರ ಇದೆ, ರಾತ್ರಿ ಗಂಡಸರಿಗೆ ತೋರಿಸುತ್ತಾರೆ. ನಿಮಗೆ ಈಗ ನೋಡಬೇಕೆ, ಮನೆಗೆ ಹೋಗಬೇಕೆ?” ಎಂದು ಕೇಳಿದರಂತೆ. ಯಾರೂ ಏಳಲಿಲ್ಲವಂತೆ.

ಹೀಗೆ, ನಾವು ತಿದ್ದಿ, ಮತ್ತೆ ತಿದ್ದಿ, ಹೆದರಿ ಅಚ್ಚು ಹಾಕಿಸಿದ ಪಟ್ಟಿಯನ್ನು ಅವರು ಒಳಗಿನಿಂದ ಬದಲಾಯಿಸಿದರು. ನಾವು ಐದು ಜನ ಹೊರಗೆ ಹುಣಿಸೆ ಮರದ ಕೆಳಗೆ ನಿಂತುಕೊಂಡು, ಯಾರಾದರೂ ಬಂದಾರೆಂದು ಬೀದಿ ನೋಡುತ್ತಿದ್ದೆವು. ಜುಹರ್ ಅಜಾನ್ ಆಯಿತು. ಅಜಾನ್ ಆಗುವಾಗ ಒಳಗಿನ ಸದ್ದು ನಿಂತು, ಮುಗಿದ ಮೇಲೆ ಮತ್ತೆ ಶುರುವಾಯಿತು.

ಚಿತ್ರ ಪೂರ್ತಿ ಆಗಲಿಲ್ಲ. ತಡೆಯಲು ಯಾರೂ ಬರಲಿಲ್ಲ. ಮಕ್ಕಳಿಗೆ ಹಸಿವಾಯಿತು, ಅಷ್ಟೇ. ಒಂದು ಮಗು ಅಳತೊಡಗಿತು, ಆಮೇಲೆ ನಾಲ್ಕು. ಮನೆಯಲ್ಲಿ ಗಂಡಂದಿರು ನಮಾಜು ಮುಗಿಸಿ ಊಟಕ್ಕೆ ಕೂರುವ ಹೊತ್ತು. ಒಬ್ಬೊಬ್ಬರೇ ಎದ್ದರು. ಒಂದೂಮುಕ್ಕಾಲಿಗೆ ಬಾಗಿಲು ತೆರೆಯಿತು. ಹೆಂಗಸರು ಮಾತಿಲ್ಲದೆ ಹೊರಬಂದರು. ಟೀಚರ್ ಆಪಾ ನಮ್ಮ ಮುಂದೆ ಹಾದುಹೋಗುವಾಗ, “ಮಶ್ಕ್ ಅರ್ಧ ಮಾಡಿದ್ದೇವೆ” ಎಂದಷ್ಟೇ ಹೇಳಿದರು.

ರಾತ್ರಿ ‘ಹಸೀನಾ’ ಪೂರ್ತಿ ತೋರಿಸಿದೆವು. ಇನ್ನೂರು ಗಂಡಸರು ನೋಡಿದರು. ಹಿರಿಯರೂ ಬಂದು ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ನೋಡಿ ಏನೂ ಹೇಳದೆ ಹೋದರು. ಆಪಾ ಹೇಳಿದಂತೆಯೇ ಆಮೇಲೆ ಭಾಷಣಗಳಾದವು. ಅದರಲ್ಲಿ ನಮ್ಮದೂ ಒಂದು.

ಮನೆಗೆ ಬಂದಾಗ ಹನ್ನೊಂದು ಗಂಟೆ. ಅಮ್ಮಿ ಎಚ್ಚರವಾಗಿದ್ದರು. ತಟ್ಟೆ ಇಟ್ಟು ಎದುರಿಗೆ ಕೂತರು. “ಉಸ್ಕಿ ಬಚ್ಚಿ ಕು ಕ್ಯಾ ಹುವಾ ಕಿ?” ಎಂದರು. ಅವಳ ಮಗುವಿಗೆ ಏನಾಯಿತೋ ಎಂದು. ನಮಗೆ ಮೊದಲು ಯಾರ ವಿಷಯವೆಂದು ಹೊಳೆಯಲಿಲ್ಲ. ಹೊಳೆದ ಮೇಲೆ, “ಕತೆ ಹೇಳಿದರೆ ಮಜಾ ಇಲ್ಲ ಅಮ್ಮಿ, ಮುಂದಿನ ಸಲ ಪೂರ್ತಿ ನೋಡುವಿರಂತೆ” ಎಂದೆವು. ಸುಸ್ತಾಗಿತ್ತು, ನಿದ್ದೆ ಬರುತ್ತಿತ್ತು. ಅಮ್ಮಿ ತಲೆಯಾಡಿಸಿ ತಟ್ಟೆ ಎತ್ತಿಕೊಂಡು ಹೋದರು.

ಎರಡನೆಯ ಚಿತ್ರೋತ್ಸವ 2014ರಲ್ಲಿ ಆಯಿತು. ಈ ಸಲ ಕಾಲೇಜಿನ ಸಭಾಂಗಣ. ಮೊದಲನೆಯದರ ಸುದ್ದಿ ಪತ್ರಿಕೆಗಳಲ್ಲಿ ಬಂದಿದ್ದರಿಂದ ಶಿವಮೊಗ್ಗ, ಮಂಗಳೂರಿನಿಂದಲೂ ಜನ ಬರುವವರಿದ್ದರು. ಪಟ್ಟಿ ದೊಡ್ಡದಾಗಬೇಕೆಂದು ನಮಗೆ ಆಸೆಯಾಯಿತು. ಕುರೊಸಾವಾ ಅವರ ‘ರಾಶೋಮನ್’, ಸತ್ಯಜಿತ್ ರಾಯ್ ಅವರ ‘ಚಾರುಲತಾ’ ಎಲ್ಲ ಬಂದವು. ಒಳ್ಳೆಯ ಚಿತ್ರಗಳೇ, ಸಂಶಯವಿಲ್ಲ. ಆದರೆ ಕಾಲೇಜು ಊರ ಹೊರಗಿತ್ತು. ಹೆಂಗಸರು ನಡೆದು ಬರುವ ದೂರವಲ್ಲ. ಹನ್ನೊಂದು ಗಂಟೆಯ ಆಟವನ್ನು ಚರ್ಚಾಗೋಷ್ಠಿಗೆ ಬಿಟ್ಟುಕೊಟ್ಟೆವು. ಗೋಷ್ಠಿಯ ವಿಷಯ ಕನ್ನಡ ಸಿನೆಮಾದಲ್ಲಿ ಮಹಿಳೆ. ಮಾತನಾಡಿದ ನಾಲ್ವರಲ್ಲಿ ಮೂವರು ಗಂಡಸರು.

ಅಮ್ಮಿ ಆ ಸಲವೂ ಕೇಳಿದ್ದರು: ಹಸೀನಾ ಇದೆಯಾ ಎಂದು. “ಒಮ್ಮೆ ತೋರಿಸಿದ್ದನ್ನೇ ಮತ್ತೆ ತೋರಿಸುವುದಿಲ್ಲ ಅಮ್ಮಿ” ಎಂದು ನಾವು ಹೇಳಿದ್ದು ಈಗಲೂ ಚೆನ್ನಾಗಿ ನೆನಪಿದೆ. ಚಿತ್ರೋತ್ಸವವೆಂದರೆ ಹಾಗೆ ಎಂದು ತಿಳಿವಳಿಕೆಯನ್ನೂ ಹೇಳಿದ್ದೆವು. ಆ ಡಿಸ್ಕು ನಮ್ಮ ಮನೆಯ ಬೀರುವಿನಲ್ಲೇ ಇತ್ತು. ಮನೆಯಲ್ಲಿ ಪ್ಲೇಯರ್ ಇತ್ತು. ಒಂದು ಮಧ್ಯಾಹ್ನ ಹಾಕಿ ಕೊಟ್ಟಿದ್ದರೆ ಆಗುತ್ತಿತ್ತು. ಹೊಳೆಯಲೇ ಇಲ್ಲ. ಅಮ್ಮಿಯೂ ಮತ್ತೆ ಕೇಳಲಿಲ್ಲ. 2017ರ ರಂಜಾನ್ ಕಳೆದು ಹದಿನೈದು ದಿನಕ್ಕೆ ಅವರು ತೀರಿಕೊಂಡರು.

ಆಮೇಲೆ ಚಿತ್ರೋತ್ಸವವೂ ನಿಂತಿತು. ಒಬ್ಬ ಗೆಳೆಯರು ಶಾರ್ಜಾಕ್ಕೆ ಹೋದರು, ಮೇಷ್ಟ್ರಿಗೆ ವರ್ಗವಾಯಿತು. ಡಿವಿಡಿಗಳ ಕಾಲ ಮುಗಿಯಿತು. ಈಗ ಯಾವ ಚಿತ್ರ ಬೇಕಾದರೂ ಮೊಬೈಲಿನಲ್ಲಿ ಬರುತ್ತದೆ, ಇನ್ನು ಊರಿಗೆ ಪರದೆ ಕಟ್ಟುವುದೇಕೆ ಎಂದು ನಾವೇ ವಾದ ಮಾಡಿದ್ದೆವು. ಮೊಬೈಲಿನಲ್ಲಿ ಎಲ್ಲವೂ ಬರುತ್ತದೆ, ನಿಜ. ಆದರೆ ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ನೋಡಿದ್ದರೆ, ‘ನಿಮಗೆ ಈಗ ನೋಡಬೇಕೆ’ ಎಂದು ಎದ್ದುನಿಂತು ಕೇಳಲು ಆಪಾ ಇರುತ್ತಿರಲಿಲ್ಲ, ಏಳದೆ ಕೂರಲು ಅಷ್ಟು ಜನರೂ ಇರುತ್ತಿರಲಿಲ್ಲ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ ಆ ಪುಸ್ತಕದಲ್ಲಿ ‘ಕರಿ ನಾಗರಗಳು’ ಕೂಡ ಇದೆ. ನಮ್ಮ ಊರಿನಲ್ಲೂ ಸಂತೋಷದ ಸಭೆ ನಡೆಯಿತು. ಅದೇ ಶಾದಿ ಮಹಲ್. ಅಂದು ಚಹಾ ಕುಡಿದು ಹೋದ ಹಿರಿಯರು ಈಗಿಲ್ಲ. ಅವರ ಮೊಮ್ಮಗಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಸಭೆ ಮುಗಿದ ಮೇಲೆ ನಮ್ಮ ಹತ್ತಿರ ಬಂದು, “ನೀವು ಆಗ ಹಸೀನಾ ತೋರಿಸಿದಿರಂತಲ್ಲ, ನಮ್ಮ ದಾದಿ ಅರ್ಧ ನೋಡಿದ್ದರಂತೆ. ಇನ್ನೂ 'ಮುಂದೇನಾಯಿತು' ಅಂತ ಕೇಳುತ್ತಾರೆ” ಎಂದಳು.

ಅಮ್ಮಿಯ ಟ್ರಂಕು ತೆರೆದದ್ದು ಅದಾದ ಕೆಲವು ವಾರಗಳ ಮೇಲೆ. ಪೆನ್ಸಿಲ್ಲಿನ ಗೆರೆ ಇದ್ದದ್ದು ಭಾನುವಾರ ರಾತ್ರಿ 7.30ರ ಸಾಲಿನ ಕೆಳಗೆ. ಓದಲು ಬಾರದ ಅಮ್ಮಿ ಯಾರ ಕೈಯಲ್ಲೋ ಕೇಳಿ, ಯಾವುದು ಹಸೀನಾ ಎಂದು ಗುರುತು ಹಾಕಿಸಿಕೊಂಡಿದ್ದರು.

ನಾವೀಗ ಮತ್ತೆ ಸೇರಿದ್ದೇವೆ. ಐವರಲ್ಲಿ ಇಬ್ಬರು ಉಳಿದಿದ್ದೇವೆ. ಸ್ಟುಡಿಯೋ ಭಾಯಿಯ ಮಗಳು, ಹಿರಿಯರ ಮೊಮ್ಮಗಳು, ನಿವೃತ್ತರಾದ ಟೀಚರ್ ಆಪಾ ಹೊಸದಾಗಿ ಸೇರಿದ್ದಾರೆ. ಪಟ್ಟಿ ಮಾಡಲು ಮೊನ್ನೆ ಮೊದಲ ಸಲ ಕೂತಾಗ ನಾವು ರೂಢಿಯಂತೆ ಪುಸ್ತಕ ಬಿಡಿಸಿ ಚಿತ್ರಗಳ ಹೆಸರು ಬರೆಯಲು ಹೊರಟೆವು. ಆಪಾ ಪೆನ್ನು ಕಸಿದುಕೊಂಡರು. ಮೊದಲು ಹೊತ್ತು ಬರೆದರು, ಆಮೇಲೆ ಹೆಸರು. ಬೆಳಿಗ್ಗೆ 10 ಗಂಟೆ, ಹಸೀನಾ. ಹನ್ನೊಂದಕ್ಕೆ ಇಟ್ಟರೆ ಮತ್ತೆ ಅಡುಗೆಯ ಹೊತ್ತಿಗೆ ಅರ್ಧಕ್ಕೇ ಏಳಬೇಕಾಗುತ್ತದೆ ಎಂದರು. ಅದರ ಪಕ್ಕದಲ್ಲಿ ಇನ್ನೊಂದು ಮಾತು ಸೇರಿಸಿದರು: ‘ಮಕ್ಕಳಿಗೆ ಊಟದ ವ್ಯವಸ್ಥೆ ಇದೆ.’

ಅಡುಗೆ ಮಾಡುವವರು ಯಾರು ಎಂದು ನಾವು ಕೇಳಿದೆವು. ಆಪಾ ನಮ್ಮಿಬ್ಬರ ಕಡೆಗೆ ನೋಡಿದರು. ಉಳಿದ ಸಾಲುಗಳು ಇನ್ನೂ ಖಾಲಿ ಇವೆ.